ಒಲೆಬದಿಯ ನೆಲ

ನಮ್ಮ ಯಜಮಾನರ ಹೆಸರು ಬಾಂಗ್ ಇಕ್ಸು. ಥೇಬ್ಯಾಕ್‌ನ ಕಲ್ಲಿದ್ದಲು ಗಣಿಯಲ್ಲಿ ಚಾವಣಿ ಕುಸಿದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಸೊಂಟದ ಕೆಳಗೆ ಅವರಿಗೆ ಬಿಸಿ, ತಂಪು, ನೋವು, ಏನೂ ತಿಳಿಯುತ್ತಿರಲಿಲ್ಲ. ಉಳಿದದ್ದು ತೋಳು. ತೋಳೂರಿ ಮೈಯೆತ್ತಿ ನೆಲದಿಂದ ಗಾಲಿಕುರ್ಚಿಗೆ ತಾವೇ ಏರಿ, ಪೇಟೆಬೀದಿಗೆ ಹೋಗಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ನಾನು ತರಕಾರಿ ಬುಟ್ಟಿ ಇಳಿಸಿ ಕೈ ಕೊಡಲು ಹೋದರೆ, "ನೀನು ಮೂಲಂಗಿ ಎತ್ತು, ನನ್ನನ್ನಲ್ಲ" ಅನ್ನುತ್ತಿದ್ದರು.

ಮೈಭಾರವನ್ನೆಲ್ಲ ಹೊತ್ತು ಹೊತ್ತು ಬಲಭುಜ ಸವೆಯಿತು. ನೋವಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮ್ಯೊಂಗಿಮ್ ನಮ್ಮ ಮನೆಗೆ ಬಂದು ಬಾಗಿಲ ಹಿಡಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯಲು ಕಲಿಸಿದಳು.

"ಮಾಮ, ಭುಜ ಕಿವಿ ಹತ್ರ ಏರಿಸ್ಬೇಡಿ. ನಿಧಾನ ಎಳೀರಿ. ಈ ಭುಜ ಹೋದ್ರೆ ನಿಮ್ಮ ಕಾಲು ಇನ್ನೊಂದ್ಸಲ ಹೋದ ಹಾಗೆ."

"ಹೋದ್ಸಲ ಹೇಳದೇನೇ ಹೋದ್ವು. ಈ ಸಲ ನನ್ನ ಕೇಳಿ ಹೋಗ್ಲಿ" ಅಂದರು.

ಬಿಡದೆ ಎಳೆದರು. ಚಳಿ ಬೀಳುವ ಹೊತ್ತಿಗೆ ಕುರ್ಚಿ ಏರುವಾಗ ಹಲ್ಲು ಕಚ್ಚುವುದು ನಿಂತಿತ್ತು.

ಆಗ ಅವರ ಅಕ್ಕ ಸುನ್ರ್ಯೆ ಊರಿಂದ ಬಂದರು. ನಮ್ಮಲ್ಲಿ ಒಲೆಯ ಬಿಸಿ ನೆಲದಡಿ ಹರಿಯುತ್ತದೆ. ಒಲೆಬದಿಯ ನೆಲವೇ ಹೆಚ್ಚು ಬಿಸಿ; ಅದು ಹಿರಿಯರಿಗೆ, ಕಾಯಿಲೆಯವರಿಗೆ. ನಾನು ಇವರ ಹಾಸಿಗೆಯನ್ನು ಕಿಟಕಿಯ ಬದಿ ಹಾಕಿದ್ದೆ.

"ಕಾಯಿಲೆ ಗಂಡನ್ನ ತಣ್ಣನೇ ಮೂಲೆಗೆ ತಳ್ಳಿದೀಯಲ್ಲೇ" ಅಂದರು ಅಕ್ಕ.

"ಸುಟ್ಟರೂ ಇವರಿಗೆ ತಿಳಿಯಲ್ಲ ಅತ್ತಿಗೆ."

"ನೆಲ ಯಾರನ್ನ ಸುಟ್ಟಿದೆ?"

ಮರುದಿನ ನಾನು ಪಕ್ಕದ ಮನೆಯವರ ಕಿಮ್ಚಿ ಉಪ್ಪಿನಕಾಯಿಗೆ ಎಲೆಕೋಸು ತೊಳೆಯಲು ಹೋದಾಗ, ಅಕ್ಕ ಒಲೆಗೆ ಹೊಸ ಇದ್ದಿಲುಬಿಲ್ಲೆ ಹಾಕಿ, ತಮ್ಮನನ್ನು ಅಲ್ಲಿಗೆಳೆದು ರಜಾಯಿ ಹೊದಿಸಿದರು.

"ಭುಜಕ್ಕೆ ಬಿಸಿ ತಾಗ್ಲಿ, ಮಲಕ್ಕೋ ತಮ್ಮಾ. ಅಮ್ಮ ಇದ್ದಿದ್ರೂ ಇಲ್ಲೇ ಮಲಗಿಸ್ತಿದ್ಲು."

ಅಕ್ಕನ ಸಮಾಧಾನಕ್ಕೆ ಒಂದು ಗಳಿಗೆ ಮಲಗಿದರಾಯಿತು ಅಂದುಕೊಂಡರಂತೆ ಇವರು. ಭುಜ ಸಡಿಲಾಯಿತು, ನಿದ್ದೆ ಎಳೆಯಿತು. ಸಂಜೆ ನಾನು ಬಂದು ರಜಾಯಿ ಸರಿಸಿದಾಗ ಪೃಷ್ಠದ ಮಾಂಸ ಬೆಂದಿತ್ತು. ಅವರು ಇನ್ನೂ ಮಲಗಿದ್ದರು, ಮುಖದಲ್ಲಿ ನೋವಿನ ಗೆರೆ ಒಂದೂ ಇರಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ಸಾರು ಕಾಯಿಸುತ್ತಿದ್ದರು. ಎದ್ದು ವಿಷಯ ತಿಳಿದಾಗ ಇವರು ನನಗೆ ಹೇಳಿದ್ದು ಇಷ್ಟೇ: "ಅಕ್ಕನಿಗೆ ಹೇಳ್ಬೇಡ."

ಗಾಯ ಮಾಯುವ ತನಕ ಬೋರಲಾಗಿ ಮಲಗಬೇಕಾಯಿತು. ರಬ್ಬರ್ ಪಟ್ಟಿ ಬಾಗಿಲಲ್ಲೇ ನೇತಾಡಿತು. ಕೊನೆಗೆ ಗಾಯ ಮಾಯಿತು, ಆದರೆ ಅಷ್ಟರಲ್ಲಿ ಭುಜ ಬಿಗಿದುಕೊಂಡಿತ್ತು. ಮ್ಯೊಂಗಿಮ್ ಬಂದು ತೋಳೆತ್ತಿ ನೋಡಿದಳು; ಅದು ಎದೆಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಅವಳು ಪಟ್ಟಿ ಬಿಚ್ಚಿ ಸುತ್ತಿಟ್ಟಳು.

ಬೇಸಿಗೆಯಲ್ಲಿ ಅಕ್ಕ ಮತ್ತೆ ಬಂದರು. "ಭುಜ ಹೇಗಿದೆಯೋ?"

"ಆವತ್ತು ನೀನು ಮಲಗಿಸಿದ್ಯಲ್ಲ, ಅಷ್ಟು ಒಳ್ಳೇ ನಿದ್ದೆ ಮತ್ತೆ ಬಂದಿಲ್ಲ ಅಕ್ಕ."

ಅಕ್ಕ ನನ್ನ ಕಡೆ ನೋಡಿ ಹುಬ್ಬೆತ್ತಿದರು, ನೋಡಿದೆಯಾ, ನಾನು ಹೇಳಿರಲಿಲ್ಲವಾ ಎಂಬಂತೆ. ಆಕೆಯ ಬಸ್ಸು ಹೋದ ಮೇಲೆ ನೆಲದಲ್ಲಿ ಕೂತಿದ್ದ ಇವರು ಗಾಲಿಕುರ್ಚಿ ನೋಡಿ, ನನ್ನ ಕಡೆ ಎಡಗೈ ಚಾಚಿದರು.

"ಎತ್ತೇ" ಅಂದರು.