ಸಂಘಮಿತ್ರ ಕಟ್ಟಿದ ಮೆಷೀನು

ನನ್ನ ತಂಗಿ ಸಂಘಮಿತ್ರ ಹನ್ನೊಂದು ವರ್ಷ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮೆಷೀನು ನಡೆಸಿದಳು. ಕಾಂಟ್ರ್ಯಾಕ್ಟ್ ಮುಗಿಯಿತೆಂದು ಒಂದು ದಿನ ಗೇಟಿನಲ್ಲೇ ಕಾರ್ಡು ಕಿತ್ತುಕೊಂಡರು. ಅವಳು ಅಳಲಿಲ್ಲ.

"ಅವ್ರ ಮೆಷೀನ್ ಅವ್ರೇ ಇಟ್ಕಳ್ಳಿ ಕಣಣ್ಣ. ನಾನೇ ಒಂದು ಕಟ್ಕತೀನಿ" ಎಂದಳು.

ನಾನು ಮರಗೆಲಸದವನು, ಏಳನೇ ಕ್ಲಾಸು ಓದಿದವನು. ನಕ್ಕುಬಿಟ್ಟೆ. ಅವಳು ಎಂಟು ತಿಂಗಳಲ್ಲಿ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ಕಟ್ಟಿಯೇ ಬಿಟ್ಟಳು. ಗುಜರಿಯ ಕಬ್ಬಿಣದ ಚೌಕಟ್ಟು, ಹಳೇ ಕಂಪ್ಯೂಟರು, ನಾಲ್ಕಾರು ಮೋಟಾರು. ಕಂಪ್ಯೂಟರಿನಲ್ಲಿ ಚಿತ್ರ ಹಾಕಿಕೊಟ್ಟರೆ ಕತ್ತರಿಸುವ ಅಲಗು ಗಿರಗಿರ ತಿರುಗುತ್ತಾ, ಉದ್ದಕ್ಕೂ ಅಡ್ಡಕ್ಕೂ ಓಡಾಡಿ ಮರ ಕತ್ತರಿಸುತ್ತದೆ.

ಆಗ ನಮ್ಮ ಬೀದಿಯ ಬುದ್ಧ ವಿಹಾರಕ್ಕೆ ನಾನು ಮನೆಯಲ್ಲೇ ಹೊಸ ಬಾಗಿಲು ಮಾಡುತ್ತಿದ್ದೆ. ನಡುವೆ ಎರಡಡಿ ಅಗಲದ ಧಮ್ಮಚಕ್ರ ಕೂರಬೇಕು. ಬಾಗಿಲಲ್ಲಿ ಗುಂಡನೆಯ ತೋಡು ನಾನು ಕೈಯಲ್ಲಿ ತೋಡಿದೆ. ಚಕ್ರವನ್ನು ತನ್ನ ಮೆಷೀನಿನಲ್ಲಿ ಕತ್ತರಿಸಿಕೊಡುವುದಾಗಿ ತಂಗಿ ವಿಹಾರದ ಕಮಿಟಿಗೆ ಮಾತು ಕೊಟ್ಟಳು.

ಮೊದಲು ಪ್ಲೈವುಡ್ಡಿನಲ್ಲಿ ಕತ್ತರಿಸಿ ನೋಡಿದೆವು. ಕೂರಲಿಲ್ಲ. ಅಡ್ಡಕ್ಕೆ ಸರಿಯಿತ್ತು, ಉದ್ದಕ್ಕೆ ಮೂರು ಮಿಲಿಮೀಟರ್ ಹೆಚ್ಚಾಗಿತ್ತು. ಅದೇ ಹೊತ್ತಿಗೆ ಕಮಿಟಿಯ ಹಿರಿಯ ಸಣ್ಣಮಾದಯ್ಯ ಬಂದರು.

"ಏನವ್ವ, ಚಕ್ರ ಕೇಳುದ್ರೆ ಕೋಳಿಮೊಟ್ಟೆ ಮಾಡಿದ್ದೀಯಲ್ಲ? ಗುಜರಿ ಸಾಮಾನು ಗುಜರಿ ಕೆಲ್ಸನೇ ಮಾಡೋದು. ಭಾನುವಾರದೊಳಗೆ ಆಗ್ದಿದ್ರೆ ಪೇಟೆಲಿ ದೊಡ್ಡ ಮೆಷೀನ್‌ನೋರಿಗೆ ಕೊಟ್ಬುಡ್ತೀವಿ."

"ಭಾನುವಾರ ಬನ್ನಿ ಮಾವ. ಬರೋವಾಗ ಚಕ್ರ ಹೊರೋಕೆ ಇಬ್ಬರನ್ನ ಕರ್ಕಬನ್ನಿ" ಎಂದಳು.

ಅವರು ಹೋದ ಮೇಲೆ ನಮ್ಮವ್ವ ಸಿದ್ದಲಿಂಗಮ್ಮ, "ಬುಟ್ಬುಡವ್ವ, ಯಾಕೆ ಹಟ" ಎಂದಿತು. ಸಂಘಮಿತ್ರ ಸ್ಪ್ಯಾನರ್ ಹಿಡಿದಳು.

ಎಲ್ಲೋ ಸಡಿಲ ಇರಬೇಕೆಂದು ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದಳು. ನಟ್ಟು ಬದಲಾಯಿಸಿದಳು. ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಗೆಳತಿಯೊಬ್ಬಳಿಂದ ತಂದು ಇಟ್ಟಳು. ಮೆಷೀನು ಮುಂದೆ ಹೋಗಿ ಹಿಂದೆ ಬಂದರೆ ಮುಳ್ಳು ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತಿತ್ತು. ಸಡಿಲ ಇಲ್ಲ. ಆದರೂ ಚಕ್ರ ಮೊಟ್ಟೆಯೇ. "ಮೆಷೀನೇ ಸರಿಯಿಲ್ಲ ಬುಡು" ಎಂದೆ ನಾನೂ.

ಶುಕ್ರವಾರ ಅವಳು ಸಣ್ಣ ಚಕ್ರ, ನಡುವಿನ ಚಕ್ರ, ದೊಡ್ಡ ಚಕ್ರ ಕತ್ತರಿಸಿ ಸಾಲಾಗಿಟ್ಟಳು.

"ನೋಡಣ್ಣ. ಸಡಿಲ ಇದ್ದಿದ್ರೆ ಮೂರರಲ್ಲೂ ಒಂದೇ ತಪ್ಪು ಬರ್ಬೇಕಿತ್ತು. ಚಕ್ರ ದೊಡ್ಡದಾದಂಗೆಲ್ಲ ತಪ್ಪೂ ಬೆಳೀತಾ ಅದೆ. ಮೆಷೀನು ಹೇಳಿದ್ದು ಕೇಳ್ತಾ ಅದೆ. ನಾವು ಹೇಳಿಕೊಟ್ಟ ಅಳತೆನೇ ತಪ್ಪು. ಅಳೆದೋರು ಯಾರು?"

ಅಳೆದವನು ನಾನು. ಮೆಷೀನಿಗೆ ಅಳತೆ ಕಲಿಸುವಾಗ ಮೂವತ್ತು ಸೆಂಟಿಮೀಟರ್ ಕತ್ತರಿಸೆಂದು ಹೇಳಿ, ಕತ್ತರಿಸಿದ್ದನ್ನು ನನ್ನ ಟೇಪಿನಲ್ಲಿ ಅಳೆದು ಹೇಳಿದ್ದೆ. ಉದ್ದಕ್ಕೆ, ಕತ್ತರಿಸಿದ ಪಟ್ಟಿಯ ಅಂಚಿಗೆ ಟೇಪಿನ ಕೊಕ್ಕೆ ಸಿಕ್ಕಿಸಿ ಎಳೆದು ಅಳೆದಿದ್ದೆ. ಅಡ್ಡಕ್ಕೆ, ಮೆಷೀನು ತೋಡಿದ ತೋಡಿನೊಳಗೆ ಕೊಕ್ಕೆ ಒತ್ತಿ ಅಳೆದಿದ್ದೆ. ಅವಳು ಟೇಪು ಇಸಿದುಕೊಂಡು ಕೊಕ್ಕೆ ಅಲ್ಲಾಡಿಸಿದಳು. ಸವೆದು ಲೊಡಲೊಡ ಎನ್ನುತ್ತಿತ್ತು. ಒತ್ತಿದಾಗ ಸರಿ, ಎಳೆದಾಗ ಒಂದೂವರೆ ಮಿಲಿಮೀಟರ್ ಕಡಿಮೆ ತೋರಿಸುತ್ತಿತ್ತು. ನಾನು ಹೇಳಿದ್ದನ್ನು ನಂಬಿ ಅವಳು ಮೆಷೀನಿಗೆ ಉದ್ದದ ಅಳತೆ ಹೆಚ್ಚಿಸಿದ್ದಳು. ಮೂವತ್ತು ಸೆಂಟಿಮೀಟರಿಗೆ ಒಂದೂವರೆ, ಎರಡಡಿಗೆ ಮೂರು.

ಇಪ್ಪತ್ತು ವರ್ಷ ಅದೇ ಟೇಪಿನಲ್ಲಿ ಕೆಲಸ ಮಾಡಿದ್ದೇನೆ. ನನಗೆ ತಲೆ ಎತ್ತಲಾಗಲಿಲ್ಲ.

"ಕೈಕೆಲ್ಸಕ್ಕೆ ನಡೀತದೆ ಕಣಣ್ಣ, ಹತ್ತಾರು ಸಲ ಉಜ್ಜಿ ಕೂರಿಸ್ಕತೀಯ. ಮೆಷೀನು ಉಜ್ಜಲ್ಲ" ಎಂದು ಸ್ಟೀಲ್ ಸ್ಕೇಲು ತೆಗೆದು ಮತ್ತೆ ಅಳೆಯಲು ಕೂತಳು.

ಭಾನುವಾರ ಸಣ್ಣಮಾದಯ್ಯ ಒಬ್ಬರೇ ಬಂದರು. ಸಾಗುವಾನಿ ಚಕ್ರ ಬಾಗಿಲಿನ ತೋಡಿನಲ್ಲಿ ಕೂತಿತ್ತು. ಅವರು ಸಂದಿಗೆ ಉಗುರು ಹಾಕಿ ನೋಡಿದರು, ಉಗುರು ಹೋಗಲಿಲ್ಲ. ಎತ್ತಿ ಕಾಲು ಸುತ್ತು ತಿರುಗಿಸಿ ಇಟ್ಟರು. ಕೂತಿತು. ಇನ್ನೊಂದು ಕಾಲು ಸುತ್ತು. ಅದೂ ಕೂತಿತು.

"ಚೆಂದಾಗಿ ಬಂದದೆ ಕಣವ್ವ" ಎಂದರು. ಆಮೇಲೆ ಮೆಲ್ಲಗೆ, "ಪೇಟೆಲಿ ಮಾಡ್ಸಿದ್ದು ಅಂತ ಹೇಳ್ಬುಡಾನ. ಗುಜರಿ ಮೆಷೀನು ಅಂದ್ರೆ ಜನ ಆಡ್ಕತಾರೆ."

ಸಂಘಮಿತ್ರ ಚಕ್ರ ಎತ್ತಿ ಎದೆಗೆ ಒತ್ತಿಕೊಂಡಳು.

"ಹಂಗಾದ್ರೆ ಪೇಟೆಲೇ ಮಾಡ್ಸ್ಕಳಿ ಮಾವ. ಇದು ಇಲ್ಲೇ ಇರ್ತದೆ."

"ಏ, ಹಟ ನೋಡು ಇವಳದು!"

"ಹಟನೇ. ಕೆಲ್ಸ ಬೇಕು, ಮಾಡಿದೋಳ ಹೆಸ್ರು ಬ್ಯಾಡ್ವಾ? ನಿಮ್ಮುನ್ನ ಗುಡಿ ಬಾಗಿಲಿಂದ ಆಚೆ ನಿಲ್ಲಿಸಿದ್ರೆ ನೀವು ಸುಮ್ನೆ ಇರ್ತಿದ್ರಾ?"

ಸಣ್ಣಮಾದಯ್ಯ ಚಕ್ರ ನೋಡಿದರು, ಅವಳನ್ನು ನೋಡಿದರು. ಜೇಬಿನಿಂದ ಫೋನು ತೆಗೆದು ಕಮಿಟಿಯವರಿಗೆ ಮಾಡಿದರು.

"ಇಬ್ಬರು ಬನ್ರಪ್ಪ, ಚಕ್ರ ಹೊರ್ಬೇಕು. ಎಲ್ಲಿಗೆ ಬರ್ಬೇಕು ಅಂದ್ರಾ? ನಮ್ಮ ಸಂಘಮಿತ್ರನ ಮನೆಗೆ ಕಣ್ರಯ್ಯ. ಅವಳೇ ಕಟ್ಟಿದ ಮೆಷೀನಲ್ಲಿ ಮಾಡವ್ಳೆ."