ಎರಡು ತೂತಿನ ಮದುವೆ ಕಾರ್ಡು

ಭದ್ರಾವತಿಯಲ್ಲಿ ನನ್ನ ಪರಿಚಯದ ಹಿರಿಯರೊಬ್ಬರದು ಮದುವೆ ಕಾರ್ಡುಗಳ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಕಾರ್ಡಿಗೆ ಬಳಸಿ ಉಳಿದ ಬಣ್ಣದಲ್ಲಿ ಬರೀ ಚೌಕ, ಪಟ್ಟಿಗಳ ಚಿತ್ರ ಅಚ್ಚು ಹಾಕುತ್ತಿದ್ದರು. ಹಾಳೆ ಮುಟ್ಟುವ ಮೊದಲು ಹೆಬ್ಬೆರಳನ್ನು ಲುಂಗಿಗೆ ಒರೆಸಿಕೊಳ್ಳುತ್ತಿದ್ದರು. ಯಾವ ಬಣ್ಣದ ಬಗ್ಗೆ ಕೇಳಿದರೂ ಒಂದೇ ಮಾತು: “ಪಕ್ಕದ ಬಣ್ಣಾನ ಕೇಳಿ ಸಾರ್.”

ಶಿವಮೊಗ್ಗದಲ್ಲಿ ಡ್ರಾಯಿಂಗ್ ಮೇಷ್ಟ್ರಾದ ನಾನು ಒಮ್ಮೆ ನನ್ನ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ. ಅಂಗೈಯಗಲದ ಒಂದು ಚಿತ್ರದಲ್ಲಿ ಕೆಂಪಿನ ನಡುವೆ ಒಂದು ಬೂದು ಚೌಕ, ಹಸಿರಿನ ನಡುವೆ ಇನ್ನೊಂದು. ಎರಡೂ ಬೇರೆ ಬೇರೆ ಬೂದು ಎಂದು ನನ್ನ ಕಣ್ಣು ಹೇಳಿತು. ಮಕ್ಕಳೆದುರು ಜಾಣತನ ತೋರಿಸುವ ಚಟ ನನಗೆ.

“ಅರ್ಧಕ್ಕೆ ಬಣ್ಣ ಮುಗಿದು ಬೇರೆ ಡಬ್ಬಿ ತೆಗೆದ್ರಾ?” ಎಂದೆ. ಮಕ್ಕಳು ನಕ್ಕರು.

“ಇರಬಹುದು ಸಾರ್” ಎಂದರು ಅವರು.

ಮಕ್ಕಳು ಬಸ್ಸು ಹತ್ತುವಾಗ ಅವರು ನನ್ನನ್ನು ಒಳಗೆ ಕರೆದರು. ಎರಡು ತೂತು ಕೊರೆದ ಹಳೇ ಮದುವೆ ಕಾರ್ಡೊಂದನ್ನು ಆ ಚಿತ್ರದ ಮೇಲಿಟ್ಟರು. ಸುತ್ತಲಿನ ಕೆಂಪು, ಹಸಿರು ಮರೆಯಾದವು. ಎರಡು ತೂತಿನಲ್ಲೂ ಒಂದೇ ಬೂದು.

“ಮಕ್ಕಳ ಮುಂದೆ ಬೇಡ ಅಂತ ಸುಮ್ನಿದ್ದೆ. ನೀವೇ ತೋರಿಸಿ” ಎಂದು ಕಾರ್ಡನ್ನು ನನಗೇ ಕೊಟ್ಟರು.

ಬಸ್ಸಿನಲ್ಲಿ ಹುಡುಗಿಯೊಬ್ಬಳು ಕೇಳಿದಳು: “ಸಾರ್, ನಿಜವಾಗ್ಲೂ ಬೇರೆ ಡಬ್ಬೀನಾ?”

“ಹೂಂ” ಎಂದೆ. ಕಾರ್ಡು ನನ್ನ ಜೇಬಿನಲ್ಲೇ ಇತ್ತು.