ತಳ್ಳುವ ಪಾಠ

ನಮ್ಮ ಸೋದರಮಾವ ಕಾರು ಕಲಿಸುವ ಮೇಷ್ಟ್ರು. ಕಲಿಯಲು ಬಂದವರು ರಸ್ತೆ ಬಿಟ್ಟು ಮೀಟರನ್ನೇ ಮಿಕಮಿಕ ನೋಡುತ್ತಾರೆಂದು ಸಿಟ್ಟಿಗೆದ್ದು, ಮೀಟರುಗಳಿಗೆಲ್ಲ ಕಪ್ಪು ಟೇಪು ಅಂಟಿಸಿಬಿಟ್ಟಿದ್ದ. ಪೆಟ್ರೋಲ್ ಮುಳ್ಳೂ ಅದರಡಿ ಮುಚ್ಚಿಹೋಗಿತ್ತು. "ಎಂಜಿನ್ ಸದ್ದು ಕೇಳಿದ್ರೆ ಸಾಕು, ಪೆಟ್ರೋಲ್ ಎಷ್ಟಿದೆ ಅಂತ ನಂಗೆ ಗೊತ್ತಾಗುತ್ತೆ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಒಂದು ದಿನ ಆಸ್ಪತ್ರೆಯ ನರ್ಸಮ್ಮ ಓಡಿಸುತ್ತಿದ್ದಾಗ ಸೇತುವೆಯ ಮೇಲೆ ಆ ಸದ್ದೇ ನಿಂತುಹೋಯಿತು. ಮಾವ ಜೇಬು ತಡಕಿದ. ಪರ್ಸು ಒಗೆಯಲು ಹಾಕಿದ ಪ್ಯಾಂಟಿನಲ್ಲೇ ಉಳಿದಿತ್ತು. ಹಾಗಂತ ಶಿಷ್ಯೆಯ ಮುಂದೆ ಪೆಟ್ರೋಲ್ ಖಾಲಿ ಎಂದು ಒಪ್ಪಿಕೊಳ್ಳುವ ಆಸಾಮಿಯೇ ಅವನು?

"ಇವತ್ತು ತಳ್ಳೋ ಪಾಠ. ಇಳೀರಿ."

"ಮತ್ತೆ ನೀವು?"

"ಸ್ಟೇರಿಂಗ್ ನಾನು ಹಿಡೀತೀನಿ. ಅದು ಕಷ್ಟದ ಕೆಲಸ."

ಪಾಪ, ನರ್ಸಮ್ಮ ಏದುಸಿರು ಬಿಡುತ್ತಾ ಬಂಕಿನವರೆಗೂ ತಳ್ಳಿದರು. ಅಲ್ಲಿ ಮಾವ ಗಂಟಲು ಸರಿಮಾಡಿಕೊಂಡು, "ಈಗ ಪೆಟ್ರೋಲ್ ಹಾಕ್ಸೋ ಪಾಠ. ದುಡ್ಡು ಕೊಡೋದ್ರಿಂದ ಶುರು ಮಾಡಿ" ಎಂದ. ಅವರು ಪರ್ಸು ತೆಗೆದು ಕೊಟ್ಟರು.

ಇಷ್ಟಾದ ಮೇಲಾದರೂ ಆ ಹಟಮಾರಿ ಟೇಪು ಕಿತ್ತನೇ? ಊಹೂಂ!

ಲೈಸೆನ್ಸ್ ಪರೀಕ್ಷೆಯ ದಿನ ಒಬ್ಬ ಧಡೂತಿ ಅಧಿಕಾರಿ ನರ್ಸಮ್ಮನ ಪಕ್ಕದಲ್ಲಿ ಕೂತರು. ಮೈದಾನದ ನಟ್ಟನಡುವೆ ಕಾರು ಎರಡು ಸಲ ಕೆಮ್ಮಿ ತೆಪ್ಪಗಾಯಿತು.

"ಈಗೇನ್ ಮಾಡ್ತೀರಮ್ಮಾ?" ಎಂದರು ಅಧಿಕಾರಿ.

ಬೇಲಿಯಾಚೆ ನಿಂತಿದ್ದ ಮಾವ ಬೇಡ ಬೇಡವೆಂದು ಎರಡೂ ಕೈ ಆಡಿಸುತ್ತಿದ್ದ. ನರ್ಸಮ್ಮ ಅತ್ತ ತಿರುಗಿಯೂ ನೋಡದೆ ಕೈಚಾಚಿ ಅಧಿಕಾರಿಯ ಕಡೆಯ ಬಾಗಿಲು ತೆರೆದರು.

"ಇಳಿದು ತಳ್ಳಿ ಸಾರ್. ಸ್ಟೇರಿಂಗ್ ನಾನು ಹಿಡೀತೀನಿ. ಅದು ಕಷ್ಟದ ಕೆಲಸ."